ಕಟ್ಟು ಹಾಕಿಸಿದ ಯುದ್ಧಕಾಲದ ನೌಕಾ ಪೋಸ್ಟರು ಕೆಡುತ್ತಿದೆಯೇ? ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

1915ರ ಮೇ 7ರಂದು ಲುಸಿಟೇನಿಯ ಹಡಗು ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ ಮುಳುಗಿತು. ಆ ದುರಂತದ ಬೆನ್ನಿಗೇ ಬಾಸ್ಟನ್ನಿನಲ್ಲಿ ಫ್ರೆಡ್ ಸ್ಪಿಯರ್ ಎಂಬ ಕಲಾವಿದನ ಪೋಸ್ಟರು ಗೋಡೆಗಳ ಮೇಲೆ ಕಾಣಿಸಿಕೊಂಡಿತು. ಹಸಿರು ನೀರಿನ ಆಳಕ್ಕೆ ಇಳಿಯುತ್ತಿರುವ ತಾಯಿ, ಅವಳ ತೋಳಿನಲ್ಲಿ ಕೂಸು, ಕೆಳಗೆ ಸೇನೆಗೆ ಸೇರಲು ಹೇಳುವ ಒಂದೇ ಒಂದು ಪದ. ಇಂತಹ ಚಿತ್ರಗಳನ್ನು ಅಂಚೆ ಕಚೇರಿ, ರೈಲು ನಿಲ್ದಾಣ, ಕಾರ್ಖಾನೆಗಳ ಗೋಡೆಗಳಿಗಾಗಿ ಅಗ್ಗದ ಕಾಗದದ ಮೇಲೆ ಮುದ್ರಿಸಿದ್ದರು. ಕೆಲವು ವಾರ ಉಳಿದರೆ ಸಾಕಿತ್ತು. ಅವನ್ನೇ ಇಂದು ನಾವು ಗಾಜಿನ ಹಿಂದೆ ಕೂರಿಸಿ ತಲೆಮಾರುಗಳ ಕಾಲ ಬಾಳಲಿ ಎಂದು ಬಯಸುತ್ತೇವೆ.

ಕೆಟ್ಟ ಪೋಸ್ಟರುಗಳ ಕಟ್ಟು ಬಿಚ್ಚಿ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಹಾನಿಯ ದೊಡ್ಡ ಪಾಲು ಕಾಗದದ ವಯಸ್ಸಿನಿಂದ ಬಂದದ್ದಲ್ಲ. ಕಟ್ಟಿನೊಳಗೆ ಅದರ ಜೊತೆಗೆ ಸೇರಿಸಿದ ರಟ್ಟು, ಟೇಪು, ಅಂಟು, ಹಲಗೆಗಳಿಂದ ಬಂದದ್ದು. ಇನ್ನೊಂದು ಪಾಲು, ರಿಪೇರಿ ಮಾಡುವ ಅವಸರದಿಂದ ಬಂದದ್ದು. ಹಾಗಾಗಿ ಈ ಕೈಪಿಡಿಯ ಕ್ರಮ ಹೀಗಿದೆ: ಮೊದಲು ಗೋಡೆಯ ಮೇಲಿರುವಾಗಲೇ ಮಾಡಬಹುದಾದ ಪರೀಕ್ಷೆ, ಆಮೇಲೆ ಕೆಳಗಿಳಿಸಿ ಹಿಂಬದಿ ನೋಡುವುದು, ಕೊನೆಗೆ ಮಾತ್ರ ಬಿಚ್ಚುವುದು.

ಎಲ್ಲಕ್ಕಿಂತ ಮೊದಲು: ನಿಮ್ಮಲ್ಲಿರುವುದು ಅಸಲು ಪ್ರತಿಯೋ, ಮರುಮುದ್ರಣವೋ?

ಇದನ್ನು ತಿಳಿಯದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ. ಇತ್ತೀಚಿನ ಮರುಮುದ್ರಣ ಕೆಟ್ಟರೆ ಇನ್ನೊಂದನ್ನು ಮುದ್ರಿಸಿಕೊಳ್ಳಬಹುದು. 1917ರ ಅಥವಾ 1942ರ ಹಾಳೆ ಕೆಟ್ಟರೆ ಅಲ್ಲಿಗೆ ಮುಗಿಯಿತು. ಈ ಚಿತ್ರಗಳನ್ನು ಬರೆದವರಲ್ಲಿ ಕೆಲವರು ಯುದ್ಧವನ್ನು ದೂರದಿಂದ ನೋಡಿದವರಲ್ಲ. ಅಮೆರಿಕದ ನೌಕಾಪಡೆಗಾಗಿ ಭರ್ತಿ ಪೋಸ್ಟರುಗಳನ್ನು ರಚಿಸಿದ ಮೆಕ್‌ಕ್ಲೆಲಂಡ್ ಬಾರ್ಕ್ಲೆ 1943ರಲ್ಲಿ ಸೊಲೊಮನ್ ದ್ವೀಪಗಳ ಬಳಿ ತಾನಿದ್ದ ಹಡಗು ಟಾರ್ಪಿಡೊಗೆ ತುತ್ತಾದಾಗ ಸತ್ತ. ಅವನ ಕಾಲದ ಹಾಳೆಯೊಂದು ನಿಮ್ಮ ಮನೆಯಲ್ಲಿದ್ದರೆ ಅದಕ್ಕೆ ತಕ್ಕ ಎಚ್ಚರಿಕೆ ಬೇಕು.

ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕೋಣೆಯ ದೀಪ ಆರಿಸಿ ಟಾರ್ಚನ್ನು ಗಾಜಿನ ಬದಿಯಿಂದ ಓರೆಯಾಗಿ ಹಿಡಿಯಿರಿ. ಎರಡನೆಯ ಮಹಾಯುದ್ಧ ಕಾಲದ ಎಷ್ಟೋ ಪೋಸ್ಟರುಗಳನ್ನು ಮಡಚಿಯೇ ಅಂಚೆಯಲ್ಲಿ ಕಳುಹಿಸುತ್ತಿದ್ದರು. ನಿಜವಾದ ಮಡಿಕೆಯಾದರೆ ಓರೆ ಬೆಳಕಿನಲ್ಲಿ ಒಂದು ಪಕ್ಕ ಬೆಳಗಿ ಇನ್ನೊಂದು ಪಕ್ಕಕ್ಕೆ ಸಣ್ಣ ನೆರಳು ಬೀಳುತ್ತದೆ. ಮಡಿಕೆ ಕಣ್ಣಿಗೆ ಕಾಣುತ್ತಿದ್ದರೂ ನೆರಳು ಬೀಳದಿದ್ದರೆ ಅದು ಮಡಿಕೆಯ ಫೋಟೊ ಮಾತ್ರ. ಅಂದರೆ ಹಳೆಯ ಪ್ರತಿಯೊಂದರ ಚಿತ್ರ ತೆಗೆದು ಮುದ್ರಿಸಿದ್ದು.

ಮುಂದಿನದು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯ ಕೆಲಸ. ಪೋಸ್ಟರಿನ ಕೆಳ ಅಂಚಿನಲ್ಲಿ ಮುದ್ರಕರ ಹೆಸರೋ, ಅಮೆರಿಕ ಸರ್ಕಾರದ ಮುದ್ರಣ ಕಚೇರಿಯ ಸಾಲೋ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಆ ಸಾಲು ಇದೆ ಎಂದ ಮಾತ್ರಕ್ಕೆ ಅಸಲೆಂದು ನಂಬಬೇಡಿ. ಮರುಮುದ್ರಣದಲ್ಲೂ ಅದು ಹಾಗೆಯೇ ಬಂದಿರುತ್ತದೆ. ಆ ಅಕ್ಷರಗಳ ಮೈಯನ್ನು ನೋಡಿ. ಅಸಲಿನಲ್ಲಿ ಅವು ಒಂದೇ ಶಾಯಿಯಲ್ಲಿ ಗಟ್ಟಿಯಾಗಿ ತುಂಬಿರುತ್ತವೆ. ಮರುಮುದ್ರಣದಲ್ಲಿ ಅಕ್ಷರದ ಅಂಚು ಕೆಂಪು, ನೀಲಿ, ಹಳದಿ ಚುಕ್ಕೆಗಳಾಗಿ ಒಡೆದಿರುತ್ತದೆ. ಚಿತ್ರದ ಭಾಗದಲ್ಲಿ ಕಲ್ಲಚ್ಚಿನ ಒರಟು, ಅಡ್ಡಾದಿಡ್ಡಿ ಕಣಗಳು ಕಂಡರೆ ಮೊದಲ ಮಹಾಯುದ್ಧದ ಕಾಲದ್ದಿರುವ ಸಂಭವವಿದೆ. ಸಾಲುಗಟ್ಟಿದ ಚುಕ್ಕೆಗಳಿದ್ದರೆ ಆಫ್‌ಸೆಟ್. ಅದು 1940ರ ದಶಕದ್ದೂ ಆಗಬಹುದು, ಕಳೆದ ವರ್ಷದ್ದೂ ಆಗಬಹುದು. ಯಾವ ಕ್ರಮವೂ ಇಲ್ಲದೆ ಚದುರಿದ ಸೂಕ್ಷ್ಮ ಹನಿಗಳಿದ್ದರೆ ಇಂಕ್‌ಜೆಟ್.

ಕಟ್ಟು ಬಿಚ್ಚುವ ಸಂದರ್ಭ ಬಂದಾಗ ಇನ್ನೊಂದು ಪರೀಕ್ಷೆ ಸಾಧ್ಯ. ಕತ್ತಲಲ್ಲಿ ಅತಿನೇರಳೆ ಟಾರ್ಚಿನ ಬೆಳಕನ್ನು ಕ್ಷಣಕಾಲ ಖಾಲಿ ಅಂಚಿನ ಮೇಲೆ ಬಿಡಿ. ಕಾಗದವನ್ನು ಇನ್ನಷ್ಟು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ಸುಮಾರು 1950ರ ನಂತರವೇ ಬಳಕೆಗೆ ಬಂದವು. ಹಾಳೆ ನೀಲಿ ಬಿಳುಪಾಗಿ ಹೊಳೆದರೆ ಅದು ಯುದ್ಧಕಾಲದ ಕಾಗದವಲ್ಲ. ಆ ಟಾರ್ಚನ್ನು ಕಣ್ಣಿಗೆ ಹಿಡಿಯಬಾರದು, ಮಕ್ಕಳ ಕೈಗೆ ಕೊಡಬಾರದು.

ಸಂಶಯ ಉಳಿದರೆ ಅಸಲೆಂದೇ ಭಾವಿಸಿ ನಡೆದುಕೊಳ್ಳಿ.

ಲಕ್ಷಣ: ಬಣ್ಣ ಮಂಕಾಗಿದೆ

ಮೊದಲು ಗಾಜನ್ನು ಅನುಮಾನಿಸಿ. ಒಣ ಮೈಕ್ರೊಫೈಬರ್ ಬಟ್ಟೆಯಿಂದ ಒಂದು ಮೂಲೆಯನ್ನಷ್ಟೇ ಒರೆಸಿ ನೋಡಿ. ಅಡುಗೆಯ ಜಿಡ್ಡು, ಊದುಬತ್ತಿಯ ಹೊಗೆ ಕುಳಿತು ಚಿತ್ರವೇ ಮಾಸಿದಂತೆ ಕಾಣುವುದುಂಟು. ಒದ್ದೆ ಮಾಡಬೇಕಾದರೆ ದ್ರವವನ್ನು ಬಟ್ಟೆಗೆ ಹಾಕಿ; ಗಾಜಿನ ಮೇಲೆ ನೇರವಾಗಿ ಸಿಂಪಡಿಸಿದರೆ ಅದು ಕಟ್ಟಿನ ಸಂದಿಗೆ ಇಳಿದು ಕಾಗದದ ಕೆಳ ಅಂಚನ್ನು ನೆನೆಸುತ್ತದೆ. ಗಾಜಿನ ಬದಲು ಅಕ್ರಿಲಿಕ್ ಹಾಳೆಯಿದ್ದರೆ ಅಮೋನಿಯಾ ಇರುವ ಕ್ಲೀನರ್ ಬೇಡವೇ ಬೇಡ.

ಗಾಜು ಸ್ವಚ್ಛವಾದ ಮೇಲೂ ಮಂಕಾಗಿದ್ದರೆ ಯಾವ ಬಣ್ಣ ಹೋಗಿದೆ ಎಂದು ಗಮನಿಸಿ. ನಾಲ್ಕು ಬಣ್ಣಗಳ ಮುದ್ರಣದಲ್ಲಿ ಸಾಮಾನ್ಯವಾಗಿ ಹಳದಿ ಮತ್ತು ಕೆಂಗುಲಾಬಿ ಶಾಯಿಗಳು ಮೊದಲು ಸೋಲುತ್ತವೆ, ನೀಲಿ ಮತ್ತು ಕಪ್ಪು ಉಳಿಯುತ್ತವೆ. ಕಡಲ ಚಿತ್ರಗಳಲ್ಲಿ ಇದು ಮೋಸ ಮಾಡುತ್ತದೆ. ನೀರು, ಆಕಾಶ, ಸಮವಸ್ತ್ರ ಎಲ್ಲ ನೀಲಿಯೇ ಆದ್ದರಿಂದ ಚಿತ್ರ ಚೆನ್ನಾಗಿಯೇ ಇದೆ ಎಂದು ವರ್ಷಗಟ್ಟಲೆ ಅನಿಸುತ್ತಿರುತ್ತದೆ. ಧ್ವಜದ ಕೆಂಪು, ಉರಿಯುವ ಹಡಗಿನ ಜ್ವಾಲೆ, ಮುಖಗಳ ಮೈಬಣ್ಣ ಇವುಗಳನ್ನು ನೋಡಿ. ಸ್ಪಿಯರ್‌ನ ಚಿತ್ರದ ಮರುಮುದ್ರಣದಲ್ಲಿ ಹಸಿರು ನೀರು ನೀಲಿಗೆ ತಿರುಗಿದ್ದರೆ ಹಳದಿ ಆಗಲೇ ಹೋಗಿದೆ ಎಂದರ್ಥ. ಖಚಿತಪಡಿಸಿಕೊಳ್ಳಲು ಮೌಂಟ್ ರಟ್ಟಿನ (ಚಿತ್ರದ ಸುತ್ತ ಗಾಜಿನಡಿ ಇಡುವ, ಕಿಟಕಿ ಕತ್ತರಿಸಿದ ರಟ್ಟು) ಅಂಚಿನಡಿ ಮುಚ್ಚಿಕೊಂಡಿದ್ದ ಪಟ್ಟಿಯನ್ನು ತೆರೆದ ಭಾಗದೊಂದಿಗೆ ಹೋಲಿಸಿ. ಎರಡರ ನಡುವೆ ಗೆರೆ ಎಳೆದ ಹಾಗೆ ವ್ಯತ್ಯಾಸವಿದ್ದರೆ ಕಾರಣ ಬೆಳಕೇ.

ಹೋದ ಬಣ್ಣ ಮರಳಿ ಬರುವುದಿಲ್ಲ. ಅದರ ಮೇಲೆ ಬಣ್ಣ ತುಂಬಿಸಿಕೊಡುತ್ತೇವೆ ಎನ್ನುವವರಿಗೆ ಅಸಲು ಪ್ರತಿಯನ್ನು ಕೊಡಬೇಡಿ. ಮಾಡಬಹುದಾದದ್ದು ಜಾಗ ಬದಲಿಸುವುದು. ಬಿಸಿಲು ಬೀಳದ ಒಳಗೋಡೆ, ಕಡಿಮೆ ಬೆಳಕು ಬೇಕು. ವಸ್ತುಸಂಗ್ರಹಾಲಯಗಳು ಕಾಗದದ ಕೃತಿಗಳಿಗೆ ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕನ್ನು ಮಿತಿಯಾಗಿ ಇಟ್ಟುಕೊಳ್ಳುತ್ತವೆ. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ಅಂದಾಜಿಗೆ ಸಾಕು. ಅತಿನೇರಳೆ ತಡೆಯುವ ಗಾಜು ಒಳ್ಳೆಯದೇ, ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಕೆಡಿಸುತ್ತದೆ. ಆ ಗಾಜು ಹಾಕಿಸಿ ಕಿಟಕಿಯ ಎದುರು ತೂಗುಹಾಕಿದರೆ ಹಣ ದಂಡ.

ಲಕ್ಷಣ: ಕಾಗದ ಹಪ್ಪಳದಂತೆ ಅಲೆಯಾಗಿದೆ

ಅತಿ ಹೆಚ್ಚು ಕೇಳಿಬರುವ ದೂರು ಇದು. ಅತಿ ಹೆಚ್ಚು ತಪ್ಪು ಮದ್ದು ಮಾಡಿಸಿಕೊಳ್ಳುವುದೂ ಇದೇ.

ಕಾಗದ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಿಗ್ಗಲು ಜಾಗವಿದ್ದರೆ ತೊಂದರೆಯಿಲ್ಲ. ನಾಲ್ಕೂ ಬದಿ ಟೇಪು ಹಾಕಿ ಬಿಗಿದಿದ್ದರೆ ಅದು ಮುಂದಕ್ಕೋ ಹಿಂದಕ್ಕೋ ಉಬ್ಬಲೇಬೇಕು. ಹಾಗಾಗಿ ಅಲೆ ಕಂಡಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ತೇವ ಎಲ್ಲಿಂದ ಬಂತು? ಕಾಗದವನ್ನು ಕಟ್ಟಿಹಾಕಿರುವುದು ಏನು?

ತೇವದ ಪರೀಕ್ಷೆ ಸುಲಭ. ಚಿತ್ರವನ್ನು ಇಳಿಸಿ ಅದರ ಹಿಂದಿನ ಗೋಡೆಯ ಮೇಲೆ ಅಂಗೈ ಇಡಿ. ಗೋಡೆ ತಣ್ಣಗೆ, ಸುಣ್ಣ ಪುಡಿಪುಡಿಯಾಗಿ ಇದ್ದರೆ ಅಪರಾಧಿ ಸಿಕ್ಕಿದ. ಮಳೆಯ ಹೊಡೆತಕ್ಕೆ ಸಿಗುವ ಹೊರಗೋಡೆ, ಬಚ್ಚಲಿನ ಪಕ್ಕದ ಗೋಡೆ ಎರಡೂ ಬೇಡ. ಒಂದು ಆರ್ದ್ರತಾಮಾಪಕ ತಂದು ಆ ಜಾಗದಲ್ಲಿ ವಾರ ಕಾಲ ಇಡಿ. ಶೇಕಡ 45ರಿಂದ 55 ಒಳ್ಳೆಯದು. 65 ದಾಟಿದ ಮೇಲೆ ಬೂಷ್ಟಿನ ಭಯ. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ 80 ದಾಟುವುದು ಸಾಮಾನ್ಯವಾದ್ದರಿಂದ ಅಲ್ಲಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಸಲು ಪ್ರತಿಗಳನ್ನು ಗೋಡೆಯಿಂದ ಇಳಿಸಿ, ಗಾಳಿಯಾಡುವ ಒಳಕೋಣೆಯಲ್ಲಿ ನೆಲದಿಂದ ಎತ್ತರಿಸಿ ಇಡುವುದೇ ಮೇಲು. ಹಿಂಬದಿಯ ಕೆಳ ಮೂಲೆಗಳಿಗೆ ಸಣ್ಣ ರಬ್ಬರ್ ಗುಬ್ಬಿಗಳನ್ನು ಅಂಟಿಸಿದರೆ ಗೋಡೆ ಮತ್ತು ಚಿತ್ರದ ನಡುವೆ ಗಾಳಿ ಹರಿಯುತ್ತದೆ. ಹತ್ತಿಪ್ಪತ್ತು ರೂಪಾಯಿಯ ಈ ಕೆಲಸದಿಂದಲೇ ಸಣ್ಣ ಅಲೆಗಳು ಬೇಸಗೆಯ ಹೊತ್ತಿಗೆ ತಾವಾಗಿ ಇಳಿದುಹೋಗುವುದುಂಟು.

ಇಳಿಯದಿದ್ದರೆ ಹಿಂಬದಿ ಬಿಚ್ಚಿ ನೋಡಬೇಕು. ಮೇಜಿನ ಮೇಲೆ ದಪ್ಪ, ಸ್ವಚ್ಛ ಬಟ್ಟೆ ಹಾಸಿ ಚಿತ್ರವನ್ನು ಮುಖ ಕೆಳಗಾಗಿ ಮಲಗಿಸಿ. ಗಾಜಿನಲ್ಲಿ ಬಿರುಕಿದ್ದರೆ ಮುಂಭಾಗಕ್ಕೆ ಮೊದಲೇ ಮಾಸ್ಕಿಂಗ್ ಟೇಪನ್ನು ಅಡ್ಡಡ್ಡ ಹಚ್ಚಿ, ದಪ್ಪ ಕೈಗವಸು ಹಾಕಿಕೊಳ್ಳಿ. ಹಿಂಬದಿಯ ಮೊಳೆಗಳನ್ನು ಇಕ್ಕಳದಿಂದ ನಿಧಾನವಾಗಿ ಬಿಡಿಸಿ ಹಲಗೆಯನ್ನು ಮೇಲೆತ್ತಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ಕಟ್ಟಿನೊಳಗೆ ಬಿಳಿ ಪುಡಿ ಕಂಡರೆ ಊದಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಹಿಂದೆ ಹುಳುಗಳಿಗೆಂದು ವಿಷದ ಪುಡಿ ಹಾಕುವ ರೂಢಿಯಿತ್ತು. ಅಲ್ಲಿಗೇ ಮುಚ್ಚಿ ತಿಳಿದವರಿಗೆ ತೋರಿಸಿ.

ಒಳಗೆ ಮೂರರಲ್ಲೊಂದು ಸ್ಥಿತಿ ಕಾಣುತ್ತದೆ. ಮೊದಲನೆಯದು, ಹಾಳೆಯ ಸುತ್ತ ಟೇಪು. ಮರುಮುದ್ರಣವಾದರೆ ಮೂರು ಬದಿಯ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಮೇಲಿನ ಅಂಚಿನಿಂದ ಮಾತ್ರ ಇಳಿಬಿಡಿ. ಅಸಲಾದರೆ ಟೇಪನ್ನು ಕೀಳಬಾರದು. ಹಳೆಯ ಸೆಲೊಟೇಪು ಕಾಗದದ ಪದರವನ್ನೇ ಎಬ್ಬಿಸಿಕೊಂಡು ಬರುತ್ತದೆ. ಎರಡನೆಯದು, ಹಾಳೆಯನ್ನು ಬಿಳಿ ಅಂಟಿನಿಂದ ಪ್ಲೈವುಡ್ ಅಥವಾ ಹಾರ್ಡ್‌ಬೋರ್ಡಿಗೆ ಪೂರ್ತಿ ಅಂಟಿಸಿರುವುದು. ನಮ್ಮ ಊರುಗಳಲ್ಲಿ ಕಟ್ಟು ಹಾಕುವವರು ಚಪ್ಪಟೆಯಾಗಿ ಕಾಣಲೆಂದು ಹೀಗೆ ಮಾಡುತ್ತಾರೆ, ಗ್ರಾಹಕರೂ ಮೆಚ್ಚುತ್ತಾರೆ. ಹಲಗೆಯೂ ಕಾಗದವೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿದಾಗ ಅಂಟು ಅಲ್ಲಲ್ಲಿ ಬಿಟ್ಟು ಗುಳ್ಳೆ ಏಳುತ್ತದೆ. ಇದು ಮನೆಯಲ್ಲಿ ಸರಿಪಡಿಸುವ ಕೆಲಸವಲ್ಲ. ಮೂರನೆಯದು, ಹಿಂಬದಿಗೆ ತೆಳು ಬಟ್ಟೆ ಅಂಟಿಸಿರುವುದು. ಸಂಗ್ರಾಹಕರು ಹಳೆಯ ಪೋಸ್ಟರುಗಳನ್ನು ಉಳಿಸಲು ಮಾಡಿಸುವ ವಿಧಾನವದು. ಅದನ್ನು ಬಿಡಿಸಲು ಹೋಗಬೇಡಿ.

ಇಸ್ತ್ರಿಪೆಟ್ಟಿಗೆಯ ಸಲಹೆ ಕೊಡುವವರು ಬಹಳ. ಶಾಖ ಶಾಯಿಯನ್ನು ಮೆತ್ತಗಾಗಿಸುತ್ತದೆ, ಕಾಗದವನ್ನು ಗರಿಗಟ್ಟಿಸುತ್ತದೆ, ಮಡಿಕೆಯ ಗೆರೆಯಲ್ಲಿ ಸೀಳುತ್ತದೆ. ಮರುಮುದ್ರಣಕ್ಕೂ ಬೇಡ.

ಲಕ್ಷಣ: ಕಪ್ಪು ಭಾಗದ ಮೇಲೆ ಬಿಳಿ ಮಸುಕು

ಫ್ರಿಟ್ಸ್ ಸೀಬೆಲ್‌ನ 1942ರ ‘ಸಮ್‌ಒನ್ ಟಾಕ್ಡ್’ ಚಿತ್ರದಲ್ಲಿ ಕತ್ತಲ ನೀರಿನಿಂದ ಮುಳುಗುತ್ತಿರುವವನೊಬ್ಬ ನೋಡುಗರ ಕಡೆಗೇ ಬೆರಳು ಚಾಚುತ್ತಾನೆ. ಸುತ್ತ ಕಡು ಬಣ್ಣ. ಇಂತಹ ಚಿತ್ರಗಳಲ್ಲಿ ಬೂಷ್ಟು ಬೇಗ ಕಣ್ಣಿಗೆ ಬೀಳುತ್ತದೆ, ಅದೊಂದು ಅನುಕೂಲವೇ. ಬಿಳಿ ಹಿನ್ನೆಲೆಯ ಪೋಸ್ಟರಿನಲ್ಲಿ ಅದೇ ಬೂಷ್ಟು ತಿಂಗಳುಗಟ್ಟಲೆ ಅಡಗಿರುತ್ತದೆ.

ಬದಿಯಿಂದ ನೋಡಿ. ನೀವು ತಲೆ ಸರಿಸಿದಾಗ ಮಸುಕು ಚಿತ್ರದ ಗೆರೆಗಳಿಗಿಂತ ಮುಂದೆ ತೇಲುತ್ತಿರುವಂತೆ ಕಂಡರೆ ಅದು ಗಾಜಿನ ಒಳಮೈಯ ಮೇಲಿದೆ. ಚಿತ್ರದ ಜೊತೆಗೇ ಸರಿದರೆ ಕಾಗದದ ಮೇಲಿದೆ. ಗಾಜಿನ ಮೇಲಿನದು ಒರೆಸಿ ತೆಗೆಯಬಹುದಾದದ್ದು. ಕಾಗದದ ಮೇಲಿನದು ನೂಲುನೂಲಾಗಿ, ರೋಮದಂತೆ ಎದ್ದು, ಹಳಸಲು ವಾಸನೆ ಬರುತ್ತಿದ್ದರೆ ಜೀವಂತ ಬೂಷ್ಟು.

ಇಲ್ಲಿ ನಿಮ್ಮ ಆರೋಗ್ಯ ಮೊದಲು. ಎನ್95 ಮುಖಗವಸು, ಕೈಗವಸು ಇಲ್ಲದೆ ಬಿಚ್ಚಬೇಡಿ. ಮನೆಯಲ್ಲಿ ಉಬ್ಬಸದವರಿದ್ದರೆ ಒಳಗೆ ಬಿಚ್ಚಲೇಬೇಡಿ. ಚಿತ್ರವನ್ನು ಒಂದು ಸ್ವಚ್ಛ ಬಟ್ಟೆಯಲ್ಲಿ ಸುತ್ತಿ ಬೇರೆ ಚಿತ್ರಗಳಿಂದ ದೂರ, ಒಣ ಗಾಳಿಯಿರುವ ನೆರಳಿನ ಜಾಗಕ್ಕೆ ಸಾಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಬೂಷ್ಟು ಹೆಚ್ಚುತ್ತದೆ. ಪೂರ್ತಿ ಒಣಗಿ ಪುಡಿಯಾದ ಮೇಲೆ, ಮರುಮುದ್ರಣವನ್ನಾದರೆ, ಹೊರಗೆ ಮೆತ್ತನೆಯ ಕುಂಚದಿಂದ ನಿಮ್ಮಿಂದ ದೂರಕ್ಕೆ ಗುಡಿಸಬಹುದು. ಒದ್ದೆ ಬಟ್ಟೆ, ಬ್ಲೀಚು, ಬಿಸಿಲು ಮೂರೂ ನಿಷಿದ್ಧ. ಅಸಲಿನ ಮೇಲೆ ಬೂಷ್ಟು ಕಂಡರೆ ಒಣಗಿಸುವವರೆಗೆ ಮಾತ್ರ ನಿಮ್ಮ ಕೆಲಸ.

ಲಕ್ಷಣ: ಅಂಚು ಕಂದಾಗಿದೆ, ಮಧ್ಯೆ ಚುಕ್ಕೆಗಳು ಮೂಡಿವೆ

ಮೌಂಟ್ ರಟ್ಟಿಗೆ ಚಿತ್ರ ಕಾಣಲೆಂದು ಕಿಟಕಿ ಕತ್ತರಿಸಿರುತ್ತಾರಲ್ಲ, ಆ ಓರೆ ಅಂಚನ್ನು ನೋಡಿ. ಒಳ್ಳೆಯ ರಟ್ಟಿನಲ್ಲಿ ಅದು ವರ್ಷಗಳಾದರೂ ಬೆಳ್ಳಗಿರುತ್ತದೆ. ಕಂದು ತಿರುಗಿದ್ದರೆ ಆ ರಟ್ಟಿನಲ್ಲಿ ಆಮ್ಲವಿದೆ, ಅದು ಚಿತ್ರಕ್ಕೂ ಹರಿಯುತ್ತಿದೆ. ರಟ್ಟು ಎತ್ತಿದರೆ ಅದರ ಕಿಟಕಿಯ ಆಕಾರದಲ್ಲೇ ಹಾಳೆಯ ಮೇಲೆ ಕಂದು ಚೌಕಟ್ಟು ಮೂಡಿರುತ್ತದೆ. ಪ್ಲೈವುಡ್, ಎಂಡಿಎಫ್ ಹಲಗೆಗಳೂ ಹಿಂದಿನಿಂದ ಇದೇ ಕೆಲಸ ಮಾಡುತ್ತವೆ. ಎರಡು ಹಲಗೆಗಳ ಸಂದಿಗೆ ಸರಿಯಾಗಿ ಚಿತ್ರದ ನಡುವೆ ಗೆರೆ ಬಿದ್ದಿರುವುದನ್ನು ನೋಡಿದರೆ ಅನುಮಾನವೇ ಉಳಿಯುವುದಿಲ್ಲ.

ಇಡೀ ಹಾಳೆ ಸಮನಾಗಿ ಹಳದಿಯಾಗಿದ್ದರೆ ಅದು ಕಾಗದದ್ದೇ ಗುಣ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಉಳಿಯುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ, ಗಾಳಿಗೆ ಕಂದುತ್ತದೆ. ಹೋವರ್ಡ್ ಚಾಂಡ್ಲರ್ ಕ್ರಿಸ್ಟಿ 1917ರಲ್ಲಿ ನೌಕಾಪಡೆಗಾಗಿ ಬರೆದ ಯುವತಿಯರ ಪೋಸ್ಟರುಗಳಲ್ಲಿ ಹಿನ್ನೆಲೆಯ ಬಹುಭಾಗ ಖಾಲಿ ಕಾಗದವಾದ್ದರಿಂದ ಇದು ಎದ್ದು ಕಾಣುತ್ತದೆ. ಇಷ್ಟಕ್ಕೆ ಗಾಬರಿ ಬೇಡ. ಅಂಚನ್ನು ಬೆರಳ ತುದಿಯಿಂದ ಸ್ವಲ್ಪವೇ ಎತ್ತಿದಾಗ ಚೂರಾಗಿ ಮುರಿದರೆ ಮಾತ್ರ ತಡಮಾಡದೆ ತಜ್ಞರ ಬಳಿ ಒಯ್ಯಿರಿ.

ಚದುರಿದ ಕಂದು ಚುಕ್ಕೆಗಳಿಗೆ ತೇವ, ಶಿಲೀಂಧ್ರ, ಕಾಗದದೊಳಗಿನ ಕಬ್ಬಿಣದ ಕಣಗಳು ಕಾರಣವಾಗುತ್ತವೆ. ಅವು ಹೆಚ್ಚದಂತೆ ತೇವವನ್ನು ನಿಯಂತ್ರಿಸುವುದೇ ಮನೆಮದ್ದು. ಕಂದಾದ ಅಂಚಿಗೆ ಪರಿಹಾರವೆಂದರೆ ರಟ್ಟು ಬದಲಿಸುವುದು. ಶೇಕಡ 100 ಹತ್ತಿಯ, ಆಮ್ಲರಹಿತ ಮೌಂಟ್ ರಟ್ಟು ಮತ್ತು ಅಂಥದೇ ಹಿಂಬದಿ ರಟ್ಟು ಹಾಕಿಸಿ. ಇಡೀ ಕೈಪಿಡಿಯಲ್ಲಿ ಹಣ ಖರ್ಚು ಮಾಡಲೇಬೇಕಾದ ಒಂದು ಜಾಗ ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ, ದುಬಾರಿ ಗಾಜನ್ನಲ್ಲ.

ಲಕ್ಷಣ: ಚಿತ್ರ ಗಾಜಿಗೆ ಅಂಟಿಕೊಂಡಿದೆ

ಒಂದು ಕಡೆ ಒದ್ದೆಯಾದಂತೆ ಹೊಳೆಯುವ ಕಲೆ, ಸುತ್ತ ಸಾಮಾನ್ಯ ಮೈ. ಹಾಗೆ ಕಂಡರೆ ಕಾಗದ ಗಾಜನ್ನು ಮುಟ್ಟಿ ಅಂಟಿದೆ. ಮೌಂಟ್ ಇಲ್ಲದೆ ನೇರವಾಗಿ ಗಾಜಿಗೆ ಒತ್ತಿ ಕಟ್ಟು ಹಾಕಿದ ಹೊಳಪು ಕಾಗದದ ಇಂಕ್‌ಜೆಟ್ ಪ್ರತಿಗಳಲ್ಲಿ ಇದು ಹೆಚ್ಚು.

ಎಳೆಯಬೇಡಿ. ಚಾಕು ತೂರಿಸಬೇಡಿ. ಎಳೆದರೆ ಶಾಯಿ ಗಾಜಿನ ಮೇಲೆ ಉಳಿದು ಕಾಗದ ಬೋಳಾಗುತ್ತದೆ. ಮರುಮುದ್ರಣವಾದರೆ ಹೊಸದನ್ನು ಮುದ್ರಿಸಿಕೊಳ್ಳಿ. ಅಸಲಾದರೆ ಗಾಜಿನ ಸಮೇತ ಹಾಗೆಯೇ ಸಂರಕ್ಷಣಾ ತಜ್ಞರಿಗೆ ಒಪ್ಪಿಸಿ. ಮುಂದೆ ಹೀಗಾಗದಿರಲು ಮೌಂಟ್ ಅಥವಾ ಅಂಚಿನಲ್ಲಿ ಸಣ್ಣ ಪಟ್ಟಿ ಇಟ್ಟು ಗಾಜಿಗೂ ಕಾಗದಕ್ಕೂ ಕೆಲವು ಮಿಲಿಮೀಟರ್ ಅಂತರ ಉಳಿಸಬೇಕು.

ಲಕ್ಷಣ: ಮೇಲ್ಮೈ ಕೆರೆದಂತಿದೆ, ತೂತು ಬಿದ್ದಿದೆ

ಕೆರೆದಂತೆ ತೆಳುವಾಗಿ, ಅಂಕುಡೊಂಕಾಗಿ ಮೇಲ್ಪದರವಷ್ಟೇ ಹೋಗಿದ್ದರೆ ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ ಹುಳುವಿನ ಕೆಲಸ. ಅದಕ್ಕೆ ಕಾಗದದ ಪಿಷ್ಟ ಇಷ್ಟ. ದುಂಡನೆಯ ಸಣ್ಣ ತೂತುಗಳಿದ್ದು ಕಟ್ಟಿನ ಕೆಳಗೆ ನುಣ್ಣನೆಯ ಮರದ ಪುಡಿ ಉದುರುತ್ತಿದ್ದರೆ ಮರ ಕೊರೆಯುವ ಹುಳು. ಮಣ್ಣಿನ ಗೆರೆ ಗೋಡೆಯಿಂದ ಕಟ್ಟಿನ ಹಿಂಬದಿಗೆ ಹತ್ತಿದ್ದರೆ ಗೆದ್ದಲು. ಗೆದ್ದಲಿಗೆ ಒಂದು ದಿನವೂ ಕಾಯಬೇಡಿ: ಚಿತ್ರವನ್ನು ಆ ಗೋಡೆಯಿಂದ ತೆಗೆದು ಹಿಂಬದಿ ಹಲಗೆಯನ್ನು ಮನೆಯ ಹೊರಗೆ ಬಿಚ್ಚಿ, ಗೋಡೆಗೆ ಬೇರೆಯಾಗಿ ಚಿಕಿತ್ಸೆ ಮಾಡಿಸಿ. ಕೀಟನಾಶಕವನ್ನು ಕಟ್ಟಿನೊಳಗೆ ಸಿಂಪಡಿಸಬಾರದು. ಅದರ ಎಣ್ಣೆ ಕಾಗದದಲ್ಲಿ ಕಾಯಂ ಕಲೆಯಾಗುತ್ತದೆ.

ಲಕ್ಷಣ: ಕಟ್ಟು ವಾಲುತ್ತಿದೆ, ಮೂಲೆ ಬಿಟ್ಟಿದೆ

ಮೊದಲು ತೂಕ ಲೆಕ್ಕ ಹಾಕಿ. ಗಾಜು ಚದರ ಮೀಟರಿಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕಿಲೊ ತೂಗುತ್ತದೆ. ಎರಡನೆಯ ಮಹಾಯುದ್ಧದ ಪೋಸ್ಟರುಗಳ ಸಾಮಾನ್ಯ ಅಳತೆಗಳಲ್ಲೊಂದಾದ 28×40 ಅಂಗುಲಕ್ಕೆ 3 ಮಿಲಿಮೀಟರ್ ಗಾಜು ಹಾಕಿದರೆ ಗಾಜೊಂದೇ ಸುಮಾರು 5.4 ಕಿಲೊ. ಅದೇ ದಪ್ಪದ ಅಕ್ರಿಲಿಕ್ ಅದರ ಅರ್ಧಕ್ಕಿಂತ ಕಡಿಮೆ. ಒಂದೇ ಮೊಳೆ, ಒಂದೇ ದಾರ ಇಷ್ಟಕ್ಕೆ ಸಾಲದು. ರಾಲ್ ಪ್ಲಗ್ ಹಾಕಿದ ಎರಡು ತಿರುಪುಗಳು, ಕಟ್ಟಿನ ಎರಡೂ ಬದಿಗೆ ಲೋಹದ ಉಂಗುರ ಬೇಕು. ಮೂಲೆ ಬಿಟ್ಟ ಕಟ್ಟನ್ನು ಹಾಸಿಗೆ, ತೊಟ್ಟಿಲುಗಳ ಮೇಲಿನ ಗೋಡೆಯಿಂದ ಇಂದೇ ಇಳಿಸಿ.

ಲಕ್ಷಣ: ಹೊಸ ಮರುಮುದ್ರಣವೇ ಮಸುಕಾಗಿದೆ

ಇದು ಮುದ್ರಣಕ್ಕೆ ಕೊಟ್ಟ ಡಿಜಿಟಲ್ ಕಡತದ ದೋಷ. 28×40 ಅಂಗುಲಕ್ಕೆ ಇಂಚಿಗೆ 150 ಚುಕ್ಕೆಯಾದರೂ ಬೇಕೆಂದರೆ 4200×6000 ಪಿಕ್ಸೆಲ್ ಆಗುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಪೋಸ್ಟರು ಸಂಗ್ರಹದ ದೊಡ್ಡ ಕಡತಗಳನ್ನು ಉಚಿತವಾಗಿ ಕೊಡುತ್ತದೆ. ಅಲ್ಲಿಂದ ಇಳಿಸಿ, ಬೇಗ ಮಾಸದ ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸಲು ಹೇಳಿ.

ಎಲ್ಲಿ ನಿಲ್ಲಿಸಬೇಕು, ಯಾರ ಬಳಿ ಹೋಗಬೇಕು

ಹಾಳೆ ಅಸಲಾಗಿದ್ದು, ಗಾಜಿಗೆ ಅಂಟಿದ್ದರೆ, ಹಲಗೆಗೆ ಅಂಟಿಸಿದ್ದರೆ, ಮುಟ್ಟಿದರೆ ಮುರಿಯುತ್ತಿದ್ದರೆ, ಬೂಷ್ಟು ಹಿಡಿದಿದ್ದರೆ ಅಲ್ಲಿಗೆ ನಿಲ್ಲಿಸಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆಯ ಸಂರಕ್ಷಣೆಗೆ ದುಡಿಯುವ ಸಂಸ್ಥೆಯಾದ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರ ಕೆಲಸ ಮಾಡುತ್ತ ಬಂದಿದೆ. ಮುಂಬಯಿಯ ಕನ್ನಡಿಗರಿಗೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಸಂರಕ್ಷಣಾ ವಿಭಾಗ ಹತ್ತಿರ. ಕಟ್ಟು ಹಾಕುವವರು ಎಷ್ಟೇ ನುರಿತವರಾದರೂ ಅವರ ಕೆಲಸ ಬೇರೆ, ಕಾಗದ ಸಂರಕ್ಷಕರ ಕೆಲಸ ಬೇರೆ.

ಮರಳಿ ಕಟ್ಟು ಹಾಕಿಸುವಾಗ ಬಾಯಿಮಾತಿಗೆ ಬಿಡದೆ ಚೀಟಿಯಲ್ಲಿ ಬರೆದುಕೊಡಿ: ಹಾಳೆಯ ಅಂಚು ಕತ್ತರಿಸಕೂಡದು, ಅಂಟಿನಿಂದ ಹಲಗೆಗೆ ಅಂಟಿಸಕೂಡದು, ಸೆಲೊಟೇಪು ಬೇಡ, ಮೇಲಿನ ಅಂಚಿಗೆ ಮಾತ್ರ ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಪಿಷ್ಟದ ಗಂಜಿಯಿಂದ ಅಂಟಿಸಿ ತೂಗಿಸಬೇಕು, ಗಾಜಿಗೂ ಹಾಳೆಗೂ ಅಂತರವಿರಬೇಕು. ಹಳೆಯ ಹಿಂಬದಿ ಹಲಗೆಯ ಮೇಲೆ ಅಂಗಡಿಯ ಚೀಟಿ, ಮೊಹರು, ಪೆನ್ಸಿಲ್ ಬರಹ ಇದ್ದರೆ ಎಸೆಯಲು ಬಿಡಬೇಡಿ. ಆ ಪೋಸ್ಟರು ಯಾವ ಊರಿನಿಂದ, ಯಾರ ಕೈದಾಟಿ ಬಂತೆಂಬುದಕ್ಕೆ ಅದೊಂದೇ ದಾಖಲೆಯಾಗಿರಬಹುದು. ಫೋಟೊ ತೆಗೆದು, ಆ ಭಾಗವನ್ನು ಕತ್ತರಿಸಿ ಲಕೋಟೆಯಲ್ಲಿ ಹಾಕಿ, ಹೊಸ ಕಟ್ಟಿನ ಹಿಂಬದಿಯ ಹೊರಮೈಗೆ ಅಂಟಿಸಿಕೊಡಲು ಹೇಳಿ.